ಬಂಡೆಮೂಲೆಯ ನಾಲ್ಕೂವರೆ

ಗುರುವಾರ, ಫೆಬ್ರವರಿ ೨೬

ಪ್ರೀತಿಯ ಸೊಸೆಗೆ, ಆಶೀರ್ವಾದಗಳು.

ಮೊದಲಿಗೆ ಒಂದು ತಿದ್ದುಪಡಿ. ಕರಾವಳಿ ರಕ್ಷಣೆಯ ಅಧಿಕಾರಿಗೆ ನೀನು ಬರೆದುಕೊಟ್ಟ ಹೇಳಿಕೆಯ ಪ್ರತಿಯನ್ನು ಮೊನ್ನೆಯ ನಿನ್ನ ಪತ್ರದೊಡನೆ ಕಳುಹಿಸಿದ್ದೆ. ಅದರ ಮೂರನೆಯ ವಾಕ್ಯದಲ್ಲಿ, “ನಾವು ಬಂಡೆಮೂಲೆಗೆ ಬಂದಾಗ ಐದು ಗಂಟೆ ದಾಟಿತ್ತೇನೋ, ಸಮಯ ಎಷ್ಟಾಯಿತೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ” ಎಂದಿದೆ. ಎರಡೂ ಸರಿಯಲ್ಲ. ನಾವು ಅಲ್ಲಿಗೆ ಬಂದಾಗ ನಾಲ್ಕು ಗಂಟೆ ನಲವತ್ತೈದು ನಿಮಿಷ. ಸಮಯ ನನಗೆ ತಿಳಿದಿತ್ತು. ನಿನ್ನ ಗಂಡನಿಗೂ ತಿಳಿದಿತ್ತು. ಏಕೆಂದರೆ ಹೇಳಿದವನು ನಾನೇ.

ಇದನ್ನು ತಿದ್ದುತ್ತಿರುವುದು ನಿನ್ನ ಮೇಲಿನ ಅಸಮಾಧಾನದಿಂದಲ್ಲ. ಹದಿಮೂರು ದಿನ ಮಗುವಿನ ಹಾಸಿಗೆಯ ಬಳಿ ಕುಳಿತವಳಿಗೆ ನಿಮಿಷಗಳು ನೆನಪಿರಬೇಕೆಂದು ಯಾರೂ ಹೇಳಲಾರರು. ಆದರೆ ಸರಕಾರಿ ಕಾಗದದಲ್ಲಿ ‘ದಾಟಿತ್ತೇನೋ’ ಎಂಬ ಮಾತು ಸಲ್ಲದು. ಫೋನಿನಲ್ಲಿ ಹೇಳೋಣವೆಂದರೆ ನನ್ನ ಕಿವಿಯ ಸ್ಥಿತಿ ನಿನಗೆ ಗೊತ್ತು. ಮಾತನಾಡುವವರ ತುಟಿ ಕಾಣದಿದ್ದರೆ ಅರ್ಧ ಮಾತು ಗಾಳಿಯ ಪಾಲು. ಆದ್ದರಿಂದ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಅಧಿಕಾರಿಗೆ ತೋರಿಸಬೇಕಾಗಿ ಬಂದರೆ ಅನುಕೂಲವಾದೀತು.

ಶುಕ್ರವಾರ, ಫೆಬ್ರವರಿ ಆರರಂದು ಮಧ್ಯಾಹ್ನ ನಾವು ನಾಲ್ವರು ಕಡಲತೀರದ ತನಿಖಾ ಠಾಣೆ ತಲುಪಿದೆವು. ಅಲ್ಲಿಂದ ಮುಂದೆ ರಸ್ತೆಯಿಲ್ಲ, ಬರಿಯ ಮರಳು. ನಾಲ್ಕೂ ಚಕ್ರಗಳಿಗೆ ಎಳೆತವಿರುವ ವಾಹನವಲ್ಲದೆ ಬೇರೆ ಹೋಗದು. ನಿನ್ನ ಗಂಡ ‘ಮುದುಕಿ’ಯ ಚಕ್ರಗಳಿಂದ ಅರ್ಧ ಗಾಳಿ ಇಳಿಸಿದ. ತನ್ನ ಗ್ಯಾರೇಜಿನಲ್ಲಿ ಎರಡು ವರ್ಷ ಕುಳಿತು ತಾನೇ ಜೋಡಿಸಿದ ವಾಹನಕ್ಕೆ ಅಂಥ ಹೆಸರಿಟ್ಟವನು ಅವನೇ, ನಾನಲ್ಲ. ಠಾಣೆಯ ಕಾವಲುಗಾರ ಕಿಟಕಿಗೆ ಮುಖ ಇಟ್ಟು ಹೇಳಿದ್ದು ಇದು: “ಭಾನುವಾರ ವಾಪಸ್ ಬರೋವಾಗ ಬಂಡೆಮೂಲೆ ದಾಟೋಕೆ ನಾಲ್ಕೂವರೆ ತನಕ ಮಾತ್ರ. ಆಮೇಲೆ ಉಬ್ಬರ. ನೀರು ಕಂಡ್ರೆ ತಿರುಗಿ ಹೋಗಿ ಡೇರೆ ಹಾಕ್ಕೊಂಡು ಮಲ್ಕೊಳ್ಳಿ. ಶೂರತನ ಬೇಡ.” ನಾಲ್ವರೂ ಕೇಳಿಸಿಕೊಂಡೆವು. ಚೂಟಿ “ಶೂರತನ ಅಂದ್ರೆ ಏನು ತಾತ?” ಎಂದಳು. ನಿನ್ನ ಗಂಡ, “ತಾತನ್ನ ಡೇರೇಲಿ ಮಲಗಿಸೋದು” ಎಂದ. ನೀನು ನಕ್ಕೆ.

ಎರಡು ದಿನ ಚೆನ್ನಾಗಿದ್ದವೆಂಬುದನ್ನೂ ದಾಖಲಿಸಬೇಕು. ಡೇರೆ ನಿಲ್ಲಿಸಲು ಎರಡು ಗಂಟೆ ಹಿಡಿಯಿತು. ಶನಿವಾರ ಚೂಟಿ ನನ್ನ ಪಾದಗಳನ್ನು ಮರಳಿನಲ್ಲಿ ಹೂತು, ದಿನಾ ನೀರು ಹಾಕಿದರೆ ಹೊಸ ಬೆರಳು ಮೊಳೆಯುತ್ತವೆಂದು ಬಕೆಟ್ಟು ಹಿಡಿದು ಓಡಾಡಿದಳು.

ಭಾನುವಾರ. ಫೋನುಗಳೆಲ್ಲ ನಿನ್ನ ಅಪ್ಪಣೆಯಂತೆ ಬಿಸ್ಕತ್ತಿನ ಡಬ್ಬಿಯಲ್ಲಿ ಬಂದ್ ಆಗಿದ್ದವು. ಮುದುಕಿಯ ಗಡಿಯಾರ ಕೆಟ್ಟು ವರ್ಷಗಳಾಗಿವೆ. ನಿನ್ನ ಗಂಡ ಕೈಗೆ ವಾಚು ಕಟ್ಟುವವನಲ್ಲ. ಹಾಗಾಗಿ ಸಮಯವೆಂಬುದು ಇದ್ದದ್ದು ನನ್ನ ಮಣಿಕಟ್ಟಿನಲ್ಲಿ ಮಾತ್ರ. ಅವನು ಡೇರೆ ಮಡಚುತ್ತಾ “ಎಷ್ಟಾಯ್ತಪ್ಪ?” ಎಂದಾಗ “ಮೂರೂವರೆ” ಎಂದೆ. ನೀನೂ ಮಗುವೂ ಆಗ ನೀರಿನಂಚಿನಲ್ಲಿದ್ದಿರಿ. ಮತ್ತೆ ಅವನು ಕೇಳದಿದ್ದರೂ, “ನಾಲ್ಕೂ ಐದು ಆಯ್ತು” ಎಂದೆ. ಬಂಡೆಮೂಲೆಗೆ ಇಪ್ಪತ್ತೈದು ನಿಮಿಷದ ದಾರಿ. ಅವನು ನಕ್ಕು, “ಗೊತ್ತು ಬಿಡಿ ಅಪ್ಪ, ಬೇಕಾದಷ್ಟು ಟೈಮಿದೆ. ಚೂಟಿ ಕೋಟೆ ಮುಗಿಸ್ಲಿ” ಎಂದ. ಹೊರಟದ್ದು ನಾಲ್ಕೂ ಇಪ್ಪತ್ತಕ್ಕೆ. ಯಾವ ಮಾತನ್ನೂ ಎರಡು ಸಲ ಹೇಳುತ್ತೇನೆ, ಮೂರನೆಯ ಸಲ ಹೇಳುವ ಪದ್ಧತಿ ನನ್ನದಲ್ಲ, ತರಗತಿಯಲ್ಲೂ ಇರಲಿಲ್ಲ.

ಮುಂದಿನದು ನಿನಗೆ ಗೊತ್ತು. ಅದನ್ನು ಬರೆಯುವ ಕೈ ನನಗಿಲ್ಲ.

ಈ ಭಾನುವಾರ ಅವನು ಮಗುವನ್ನು ನೋಡಲು, ಆಸ್ಪತ್ರೆ ಹತ್ತಿರವೆಂದು ನೀವಿಬ್ಬರೂ ಉಳಿದುಕೊಂಡಿರುವ ನಿನ್ನ ಅಕ್ಕನ ಮನೆಗೆ ಬರುತ್ತಾನೆ. ಹೇಳಿಕೆಯನ್ನು ತಿದ್ದಿ ಮತ್ತೊಮ್ಮೆ ಸಲ್ಲಿಸು. ಈ ಪತ್ರವನ್ನು ಬಸ್ಸಿನ ಪಾರ್ಸೆಲ್ ಕೌಂಟರಿನಲ್ಲಿ ಕೊಡುತ್ತಿದ್ದೇನೆ, ನಾಳೆ ಮುಟ್ಟುತ್ತದೆ.

ನಿನ್ನ ಮಾವ



ಭಾನುವಾರ, ಮಾರ್ಚ್ ೧

ಮಾವನವರಿಗೆ ನಮಸ್ಕಾರ.

ನಿಮ್ಮ ಮಗ ಈಗ ತಾನೇ ಬಂದು ಹೋದರು. ಒಳಗೆ ಕರೆಯಲಿಲ್ಲ.

ನಿಮ್ಮ ಪತ್ರ ಶುಕ್ರವಾರವೇ ಸಿಕ್ಕಿತ್ತು. ಎರಡು ದಿನ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಇವರು ಮೆಟ್ಟಿಲು ಹತ್ತಿ ಬಂದಾಗ ಬಾಗಿಲಲ್ಲೇ ಕೇಳಿದೆ.

“ನಾಲ್ಕೂ ಐದಕ್ಕೆ ಮಾವ ನಿಮಗೆ ಟೈಮ್ ಹೇಳಿದ್ರಾ?”

“ಹೇಳಿದ್ರು.”

“ನೀವು ಏನಂದ್ರಿ?”

“ಟೈಮಿದೆ ಅಂದೆ.”

“ನಕ್ರಾ?”

“ನಕ್ಕಿರ್ಬೇಕು” ಅಂದರು. ಅಷ್ಟೇ. ಒಂದು ಸಬೂಬು ಇಲ್ಲ, ಒಂದು ಜಗಳ ಇಲ್ಲ. ಜಗಳವಾಡಿದ್ದರೂ ಚೆನ್ನಾಗಿತ್ತು. ಚೂಟಿ ಮಲಗಿದ್ದಾಳೆ ಅಂದೆ. ತಂದಿದ್ದ ಚೀಲ ಮೆಟ್ಟಿಲ ಮೇಲಿಟ್ಟು ಹೋದರು.

ಇಷ್ಟು ದಿನ ನಾನು ಇದನ್ನು ನಮ್ಮೆಲ್ಲರ ಗ್ರಹಚಾರ ಅಂದುಕೊಂಡಿದ್ದೆ. ಹಾಗಂದುಕೊಂಡೇ ಐಸಿಯು ಹೊರಗೆ ಇವರ ಕೈ ಹಿಡಿದು ಕೂತಿದ್ದೆ. ಮಗು ಮೂಗಿಗೆ ಕೊಳವೆ ಹಾಕಿಸಿಕೊಂಡು ಒಳಗೆ ಮಲಗಿತ್ತು, ನಾನು ಹೊರಗೆ ಇವರ ಬೆನ್ನು ಸವರುತ್ತಿದ್ದೆ. ಇವರಿಗೆ ಸಮಯ ಗೊತ್ತಿತ್ತು!

ಒಂದೇ ಒಂದು ಕೇಳುತ್ತೇನೆ. ನೀವು ಬರೆದದ್ದು ಅಕ್ಷರ ಅಕ್ಷರ ಹೌದೇ? ಹೌದು ಅಥವಾ ಅಲ್ಲ ಅಂತ ಬರೆಯಿರಿ. ನಿಮ್ಮ ಮಾತಿನ ಮೇಲೆ ನಿರ್ಧಾರ ಮಾಡುತ್ತೇನೆ.

ಸೊಸೆ



ಮಂಗಳವಾರ, ಮಾರ್ಚ್ ೩

ಪ್ರೀತಿಯ ಸೊಸೆಗೆ, ಆಶೀರ್ವಾದಗಳು.

ಹೌದು.

ಒಂದೇ ಪದ ಕೇಳಿದ್ದೀಯೆ. ಆದರೂ ಕೆಲವು ಸಾಲು ಸೇರಿಸಲು ಅನುಮತಿ ಕೊಡು. ಸರಕಾರಿ ಕಾಗದದ ಶುದ್ಧಿಗಾಗಿ ಬರೆದದ್ದು ಗಂಡ ಹೆಂಡಿರ ನಡುವೆ ಗೋಡೆಯಾದೀತೆಂದು ನಾನು ಎಣಿಸಿರಲಿಲ್ಲ. ನನ್ನ ಉದ್ದೇಶ ಅದಾಗಿರಲಿಲ್ಲ. ಆದರೆ ಉದ್ದೇಶ ಬೇರೆಯೆಂದು ನಡೆದದ್ದನ್ನು ಬದಲಿಸಿ ಹೇಳುವುದು ನನ್ನಿಂದಾಗದು.

ಅವನು ಭಾನುವಾರ ರಾತ್ರಿ ಮರಳಿ ಬಂದಾಗ, “ಮಗು ಹೇಗಿದ್ದಾಳೋ?” ಎಂದು ಕೇಳಿದೆ. “ಮಲಗಿದ್ಲು ಅಪ್ಪ” ಎಂದು ಹೇಳಿ ನೇರ ಗ್ಯಾರೇಜಿಗೆ ಹೋದ. ಅಂದಿನಿಂದ ಊಟಕ್ಕೂ ಅಲ್ಲಿಂದ ಏಳುವುದಿಲ್ಲ. ತಪ್ಪನ್ನು ತಪ್ಪೆಂದು ಬಾಯಿ ಬಿಟ್ಟು ಹೇಳುವ ಅಭ್ಯಾಸ ಅವನಿಗೆ ಚಿಕ್ಕಂದಿನಿಂದಲೂ ಇಲ್ಲ. ಗಾಜು ಒಡೆದರೆ ಒಡೆದ ಚೂರುಗಳನ್ನು ಆಯ್ದು ತಂದು ನನ್ನ ಮೇಜಿನ ಮೇಲಿಟ್ಟು ಸುಮ್ಮನೆ ನಿಲ್ಲುತ್ತಿದ್ದ. ಯಾರು ಒಡೆದರೆಂದು ಹೇಳುತ್ತಿರಲಿಲ್ಲ. ಒಂದು ಸಲ ಏಟು ತಿಂದ ಮೇಲೆ ಗೊತ್ತಾಯಿತು, ಒಡೆದವನು ಪಕ್ಕದ ಮನೆಯವನು. ಅಂಥ ಮೊಂಡ.

ಆದರೂ ಮಗುವನ್ನು ನೋಡಲು ಬಿಡು. ಶಿಕ್ಷೆಗೂ ಒಂದು ಅಳತೆಯಿರಬೇಕು.

ನಿನ್ನ ಮಾವ



ಮಂಗಳವಾರ, ಮಾರ್ಚ್ ೧೦

ಮಾವನವರಿಗೆ ನಮಸ್ಕಾರ.

ಚೂಟಿಗೆ ಮತ್ತೆ ಜ್ವರ. ನಿನ್ನೆ ಆಸ್ಪತ್ರೆಗೆ ಸೇರಿಸಿದೆವು. ಅವತ್ತು ಎಳೆದುಕೊಂಡ ಉಪ್ಪು ನೀರು, ಮರಳು ಎಲ್ಲ ಪುಪ್ಪುಸದ ತಳದಲ್ಲಿ ಉಳಿದು ಈಗ ಸುತ್ತ ಕೀವು ಕಟ್ಟಿದೆಯಂತೆ. ಪಕ್ಕೆಗೆ ನಳಿಕೆ ಹಾಕಿದ್ದಾರೆ. ಮಾತ್ರೆ ಕೊಡುವ ನರ್ಸಮ್ಮನಿಗೆ “ನೀವು ಎರಡು ಸಲ ಚುಚ್ಚಿದ್ರಿ, ನಾನು ಒಂದೇ ಸಲ ಅತ್ತೆ” ಅಂತ ಲೆಕ್ಕ ಒಪ್ಪಿಸಿದಳು. ಅದು ನಿಮ್ಮ ಮೊಮ್ಮಗಳು.

ಅಳತೆ ಅಂತ ಬರೆದಿದ್ದೀರಿ. ಅವತ್ತಿನದನ್ನು ಬರೆಯುವ ಕೈ ಇಲ್ಲ ಅಂತಲೂ ಬರೆದಿದ್ದೀರಿ. ನಾನು ಬರೆಯುತ್ತೇನೆ.

ಮುದುಕಿಯ ಮುಂದಿನ ಚಕ್ರ ಕೂತಿತು. ಇವರು ಇಳಿದು ಹಲಗೆ ಕೊಟ್ಟರು. ಎರಡನೇ ಅಲೆಗೆ ಹಲಗೆ ಹೋಯಿತು, ನಾಲ್ಕನೆಯದಕ್ಕೆ ಗಾಡಿ ವಾಲಿತು. ನೀವು ಮುಂದೆ ಕೂತಿದ್ದಿರಿ, ನಿಮ್ಮನ್ನು ಇವರು ಕಿಟಕಿಯಿಂದ ಎಳೆದು ಬಂಡೆ ಮೇಲೆ ಹಾಕಿದರು. ನಾನು ಹಿಂದಿನ ಬಾಗಿಲಿಂದ ಮಗುವನ್ನು ಹಿಡಿದು ಇಳಿದೆ. ನೀರು ಸೊಂಟದವರೆಗೆ ಅಷ್ಟೇ. ಸೊಂಟದ ನೀರು ಏನು ಮಾಡೀತು ಅಂದುಕೊಂಡೆ. ಕಾಲ ಕೆಳಗಿನ ಮರಳು ಹೋಯಿತು ಮಾವ. ಕೈ ಜಾರಿತು. ಮತ್ತೆ ಸಿಕ್ಕಾಗ ನನ್ನ ಮುಷ್ಟಿಯಲ್ಲಿ ಇದ್ದದ್ದು ಅವಳ ಕೂದಲು. ಕೂದಲು ಹಿಡಿದೇ ಎಳೆದೆ. ಮುಖ ನೀಲಿಯಾಗಿತ್ತು. ಕನ್ನಡಕದಂಗಡಿಯಲ್ಲಿ ದಿನಕ್ಕೆ ಮೂವತ್ತು ಜನರ ಕಣ್ಣು ಪರೀಕ್ಷೆ ಮಾಡುವವಳು ನಾನು, ನನ್ನ ಮಗಳ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗಲಿಲ್ಲ.

ಅವತ್ತು ಇಡೀ ದಿನ ನಾನು ನಿಶ್ಚಿಂತೆಯಾಗಿದ್ದೆ, ಯಾಕೆ ಗೊತ್ತೇ? ನಿಮ್ಮ ವಾಚಿನ ಧೈರ್ಯದಿಂದ. ಮೂವತ್ತು ವರ್ಷದಿಂದ ಶಾಲೆಯ ಗಂಟೆಗಿಂತ ಅರ್ಧ ಗಂಟೆ ಮುಂದೆ ಓಡುವ ವಾಚು. ಮನೆಯ ಗೋಡೆ ಗಡಿಯಾರವೂ ಹಾಗೇ. ಮದುವೆಯಾದ ಹೊಸತರಲ್ಲಿ ಇವರೇ ಹೇಳಿಕೊಟ್ಟಿದ್ದರು, “ಅಪ್ಪ ಎಂಟು ಅಂದ್ರೆ ಏಳೂವರೆ ಅಂತ ತಿಳ್ಕೋ, ಗಾಬರಿ ಬೀಳ್ಬೇಡ.” ನೀವು ಜೊತೆಗಿದ್ದರೆ ಅರ್ಧ ಗಂಟೆ ಕೈಯಲ್ಲಿ ಇದ್ದಂತೆ. ಹೇಳಿಕೆಗೆ ಕೊಟ್ಟ ನಾಲ್ಕೂ ನಲವತ್ತೈದನ್ನು ನೀವು ಸರಿಪಡಿಸಿ ಬರೆದಿರಬೇಕು, ಆದರೆ ಅವತ್ತು ಬಾಯಲ್ಲಿ ಹೇಳಿದ್ದು ವಾಚಿನ ಸಮಯ. ಅಂದರೆ ನೀವು ಮೂರೂವರೆ ಅಂದಾಗ ನಿಜವಾಗಿ ಮೂರು. ಒಂದೂವರೆ ಗಂಟೆ ಇತ್ತು ಇವರಿಗೆ! ಒಂದೂವರೆ ಗಂಟೆ ಇಟ್ಟುಕೊಂಡು, ಹಾಳು ಮಾಡಿ, ಕಣ್ಣೆದುರು ನೀರು ಕಂಡರೂ ಗಾಡಿ ಇಳಿಸಿದರು. ಇದಕ್ಕೆ ಯಾವ ಅಳತೆ ಮಾವ?

ನಿಮ್ಮ ಮಗ ಇಲ್ಲಿಗೆ ಬರುವುದು ಬೇಡ. ಬಂದರೆ ಆಸ್ಪತ್ರೆಯ ಗೇಟಿನಲ್ಲೇ ತಡೆಯುವಂತೆ ಅಕ್ಕ ಹೇಳಿಟ್ಟಿದ್ದಾಳೆ. ಆ ಮನೆಯಲ್ಲಿ ನನಗೆ ನೇರವಾಗಿ ನಿಜ ಹೇಳಿದವರು ನೀವೊಬ್ಬರೇ.

ಸೊಸೆ



ಶುಕ್ರವಾರ, ಮಾರ್ಚ್ ೨೦

ಮಾವನವರಿಗೆ ನಮಸ್ಕಾರ.

ಹತ್ತು ದಿನವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಆರೋಗ್ಯವಾಗಿದ್ದೀರಾ? ನಾನು ಬರೆದದ್ದು ಹೆಚ್ಚಾಯಿತು ಅನ್ನಿಸಿತೇ? ಮಗನ ಬಗ್ಗೆ ತಂದೆಗೆ ಹಾಗೆ ಬರೆಯಬಾರದಿತ್ತೇನೋ. ಆದರೆ ಮನಸ್ಸು ಬಿಚ್ಚಿ ಹೇಳಲು ನನಗೆ ಇರುವುದು ನೀವೇ.

ನಳಿಕೆಯಿಂದ ಕೀವು ಪೂರ್ತಿ ಬರುತ್ತಿಲ್ಲ. ಮುಂದಿನ ಶುಕ್ರವಾರ, ಇಪ್ಪತ್ತೇಳಕ್ಕೆ, ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಪಕ್ಕೆ ತೆರೆದು ಒಳಗೆ ಸ್ವಚ್ಛ ಮಾಡುತ್ತಾರಂತೆ. ದೊಡ್ಡ ಡಾಕ್ಟರು ಒಳ್ಳೆಯವರು. “ಏನೂ ಆಗಲ್ಲಮ್ಮ” ಅನ್ನುವವರಲ್ಲ. “ಕಷ್ಟ ಇದೆ, ಮಾಡದಿದ್ರೆ ಇನ್ನೂ ಕಷ್ಟ” ಅಂದರು.

ಮಗುವಿನ ಹಾಸಿಗೆ ಪಕ್ಕ ನನ್ನದಲ್ಲದೆ ಇನ್ನೊಂದೇ ಕುರ್ಚಿ ಹಾಕಲು ಬಿಡುತ್ತಾರೆ. ಒಬ್ಬರಿಗೆ ಮಾತ್ರ ಒಳಗೆ ಬಿಡುವ ಚೀಟಿ. ಅದರಲ್ಲಿ ನಿಮ್ಮ ಹೆಸರು ಬರೆಸಿದ್ದೇನೆ. ಗುರುವಾರ ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಗೆ ತಲುಪುತ್ತೀರಿ. ನೀವು ಬನ್ನಿ ಮಾವ. ನೀವೊಬ್ಬರು ಪಕ್ಕದಲ್ಲಿದ್ದರೆ ನನಗೆ ಸಾಕು.

ಸೊಸೆ



ಭಾನುವಾರ, ಮಾರ್ಚ್ ೨೨

ಪ್ರೀತಿಯ ಸೊಸೆಗೆ, ಆಶೀರ್ವಾದಗಳು.

ಪತ್ರ ತಲುಪಿತು. ಮೊಣಕಾಲಿನ ನೋವು ಹೆಚ್ಚಾಗಿ ಹತ್ತು ದಿನ ಬರೆಯಲಾಗಲಿಲ್ಲ. ದೂರದ ಪ್ರಯಾಣವನ್ನು ವೈದ್ಯರು ಸದ್ಯಕ್ಕೆ ಬೇಡವೆಂದಿದ್ದಾರೆ. ಚೀಟಿಯಲ್ಲಿ ನಿನ್ನ ಅಕ್ಕನ ಹೆಸರು ಬರೆಸುವುದು ಒಳ್ಳೆಯದು. ಮಗುವಿಗೆ ಗುಣವಾಗಲಿ.

ನಿನ್ನ ಮಾವ



ಮಂಗಳವಾರ, ಮಾರ್ಚ್ ೨೪

ಮಾವ,

ಮೊಣಕಾಲಿನ ನೋವಿಗೂ ಕೈಯಲ್ಲಿ ಬರೆಯುವುದಕ್ಕೂ ಏನು ಸಂಬಂಧ? ನೀವು ನನಗೆ ಇಂಥ ಪತ್ರ ಬರೆಯುವವರಲ್ಲ.

ನಿನ್ನೆಯಿಂದ ಜ್ವರ ಇಳಿದಿಲ್ಲ. “ಅಪ್ಪ ಎಲ್ಲಿ? ಕರಿ” ಅನ್ನುತ್ತಾಳೆ. ಕೆಲಸ ಇದೆ ಅಂದೆ. “ಭಾನುವಾರಾನೂನಾ?” ಅಂದಳು. ಗಾಡಿ ರಿಪೇರಿ ಅಂದೆ. “ಮುದುಕಿ ನೀರಲ್ಲಿ ಹೋಯ್ತಲ್ಲಮ್ಮ, ಇನ್ಯಾವ ಗಾಡಿ?” ಮೂರು ವಾರ ಸುಳ್ಳು ಹೇಳಿ ಹೇಳಿ ಬಾಯಿ ಸೋತಿದೆ. ಕರೆಸಲೂ ಆಗುತ್ತಿಲ್ಲ. ಆ ಮುಖ ನೋಡಿದರೆ ನನಗೆ ಆ ನಗು ಕೇಳಿಸುತ್ತದೆ, ನಾನು ಕೇಳಿಯೇ ಇಲ್ಲದ ನಗು, ನೀವು ಬರೆದದ್ದು.

ಡಾಕ್ಟರು ಕಾಗದ ಕೊಟ್ಟಿದ್ದಾರೆ, ಏನಾದರೂ ಆದರೆ ಎಂದು ಸಹಿ ಹಾಕಲು. ಪೆನ್ನು ಹಿಡಿದು ಅರ್ಧ ದಿನ ಕೂತೆ. ಯಾರನ್ನು ಕೇಳಲಿ? ಬನ್ನಿ ಮಾವ. ತೆವಳಿಕೊಂಡಾದರೂ ಬನ್ನಿ. ಇಲ್ಲವೆಂದರೆ ಯಾಕೆ ಇಲ್ಲ ಅಂತ ನಿಜ ಬರೆಯಿರಿ.



ಗುರುವಾರ, ಮಾರ್ಚ್ ೨೬

ಮಗಳೇ,

ನಿಜ ಬರೆಯುತ್ತೇನೆ. ನನ್ನ ಮೊಣಕಾಲು ಸರಿಯಾಗಿದೆ. ಭಾನುವಾರ ಬರೆದದ್ದು ಸುಳ್ಳು. ಫೆಬ್ರವರಿ ಇಪ್ಪತ್ತಾರರಂದು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಸುಳ್ಳಿಗಿಂತ ಹೆಚ್ಚಿನ ಕೇಡು ಮಾಡಿದ್ದು ಅದೇ.

ಆ ಶುಕ್ರವಾರ, ಹೊರಡುವ ಬೆಳಿಗ್ಗೆ, ನೀನು ರೊಟ್ಟಿ ಕಟ್ಟುತ್ತಾ ನನಗೆ ಒಂದು ಮಾತು ಹೇಳಿದೆ. ನಿನಗೆ ನೆನಪಿರಲಿಕ್ಕಿಲ್ಲ, ನಗುತ್ತಾ ಹೇಳಿದ್ದು. “ಮಾವ, ಈ ಮೂರು ದಿನನಾದ್ರೂ ನಮ್ಮ ಟೈಮಿಗೆ ಬನ್ನಿ. ಒಂದೇ ಮನೇಲಿ ನೀವು ಬೇರೆ ದೇಶದಲ್ಲಿ ಇದ್ದ ಹಾಗಿದೆ.” ನಾನು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ವಾಚಿನ ಮುಳ್ಳನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದೆ. ಮೂವತ್ತೊಂದು ವರ್ಷಗಳಲ್ಲಿ ಮೊದಲ ಸಲ. ಯಾರಿಗೂ ಹೇಳಲಿಲ್ಲ. ನೀನೇ ಎಂದಾದರೂ ನನ್ನ ಕೈ ನೋಡಿ, “ಅರೆ ಮಾವ!” ಎಂದು ಆಶ್ಚರ್ಯಪಡಲಿ ಎಂದು ಕಾಯುತ್ತಿದ್ದೆ. ಮುದುಕನ ಚಪಲ. ಮೂರು ದಿನವೂ ನೀನು ನೋಡಲಿಲ್ಲ.

ಆದ್ದರಿಂದ ಭಾನುವಾರ ನಾನು ಮೂರೂವರೆ ಎಂದಾಗ ನಿಜವಾಗಿಯೂ ಮೂರೂವರೆ ಆಗಿತ್ತು. ನಿನ್ನ ಗಂಡ ಅದನ್ನು ಮೂರು ಎಂದು ತಿಳಿದ. ನಾಲ್ಕೂ ಐದು ಎಂದದ್ದನ್ನು ಮೂರೂ ಮೂವತ್ತೈದು ಎಂದು ತಿಳಿದು ನಕ್ಕ. ಹುಟ್ಟಿದಾಗಿನಿಂದ ಅಪ್ಪನ ಸಮಯದಿಂದ ಅರ್ಧ ಗಂಟೆ ಕಳೆಯುತ್ತಾ ಬೆಳೆದವನು ಬೇರೆ ಏನು ಮಾಡಿಯಾನು? ಆ ನಗು ಉಡಾಫೆಯ ನಗುವಲ್ಲ; ಅಪ್ಪನ ಹಳೆಯ ಆತುರಕ್ಕೆ ಮಗ ನಗುವ ನಗು. ನಾಲ್ಕೂ ನಲವತ್ತೈದಕ್ಕೆ ಬಂಡೆಮೂಲೆಯಲ್ಲಿ ನಿಂತವನಿಗೆ ಅದು ನಾಲ್ಕೂಕಾಲು.

ಇದು ನನಗೆ ಹೊಳೆದದ್ದು ನಿನ್ನ ಹತ್ತನೆಯ ತಾರೀಖಿನ ಪತ್ರ ಓದಿದಾಗ. “ನೀವು ಮೂರೂವರೆ ಅಂದಾಗ ನಿಜವಾಗಿ ಮೂರು” ಎಂದು ನೀನೂ ಬರೆದಿದ್ದೆ. ನೀನೂ ಕಳೆದಿದ್ದೆ! ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕುಳಿತೆನೋ ತಿಳಿಯದು. ಮರುದಿನ ಊಟದ ಡಬ್ಬಿ ಹಿಡಿದು ಗ್ಯಾರೇಜಿಗೆ ಹೋದೆ. ಅವನು ಯಾವುದೋ ಎಂಜಿನ್ನಿನ ಕೆಳಗೆ ಮಲಗಿದ್ದ. ಎರಡು ಕಾಲು ಮಾತ್ರ ಕಾಣುತ್ತಿದ್ದವು. ಆ ಕಾಲುಗಳಿಗೇ ಕೇಳಿದೆ.

“ಅವತ್ತು ನನ್ನ ವಾಚು ಮುಂದಿದೆ ಅಂದ್ಕೊಂಡ್ಯಾ?”

ಸ್ಪ್ಯಾನರಿನ ಸದ್ದು ನಿಂತಿತು. ಅವನು ಹೊರಗೆ ಬರಲಿಲ್ಲ.

“ಯಾವತ್ತು ಸರಿ ಮಾಡಿದ್ರಿ?” ಎಂದು ಒಳಗಿಂದಲೇ ಕೇಳಿದ. ನನಗೆ ಕೇಳಿಸಲಿಲ್ಲ. ಅವನು ಜಾರಿಕೊಂಡು ಹೊರಬಂದು, ಮಲಗಿದಲ್ಲೇ, ನನಗೆ ತುಟಿ ಕಾಣುವಂತೆ ಮತ್ತೆ ಕೇಳಿದ. “ಶುಕ್ರವಾರ” ಎಂದೆ.

“ಆಂಬುಲೆನ್ಸಲ್ಲಿ ಗಡಿಯಾರ ನೋಡ್ದಾಗ್ಲೇ ಗೊತ್ತಾಯ್ತು.”

“ಮತ್ಯಾಕೋ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನಮ್ಮಪ್ಪ ಸರಿಯಾದ ಟೈಮ್ ಹೇಳಿದ್ರು, ಅದಕ್ಕೇ ಹೀಗಾಯ್ತು ಅಂತಾನಾ?” ಎಂದು ನಕ್ಕ. ನಗು ಎಂದು ಬರೆಯುತ್ತಿದ್ದೇನೆ, ಅದಕ್ಕೆ ಬೇರೆ ಪದ ಸಿಗುತ್ತಿಲ್ಲ. “ನೀರಿಗೆ ಇಳಿಸಿದ್ದು ನನ್ನ ಕೈ ಅಪ್ಪ. ಅಲೆ ಬಂದು ಹೋಗ್ತಿತ್ತು, ಮಧ್ಯೆ ಮರಳು ಕಾಣ್ತಿತ್ತು. ಇನ್ನೂ ಕಾಲು ಗಂಟೆ ಇದೆ, ಹತ್ತು ನಿಮಿಷ ಸಾಕು ಅಂತ ಲೆಕ್ಕ. ಲೆಕ್ಕ ಹೇಗೇ ಇರ್ಲಿ, ನೀರಿತ್ತು.”

“ಅವಳಿಗೆ ನಾನು ಬರೀತೀನಿ.”

ಅವನು ಎದ್ದು ಕುಳಿತ. “ಬೇಡ. ಅವಳಿಗೆ ಈಗ ಒಬ್ಬರ ಮೇಲಾದ್ರೂ ನಂಬಿಕೆ ಇದೆ. ಅದನ್ನೂ ಕಿತ್ಕೋಬೇಡಿ. ಆಣೆ ಮಾಡಿ.”

ನಾನು ಆಣೆ ಮಾಡಲಿಲ್ಲ. ಆದರೆ ಹದಿನಾಲ್ಕು ದಿನ ಮಾಡಿದವನಂತೆಯೇ ಇದ್ದೆ. ಅವನಿಗಾಗಿ ಎಂದು ಹೇಳಿಕೊಂಡೆ. ಅದೂ ಸುಳ್ಳು. ಅವನು ಬೇಡವೆಂದದ್ದು ನನಗೆ ಅನುಕೂಲವಾಗಿತ್ತು. “ನೇರವಾಗಿ ನಿಜ ಹೇಳಿದವರು ನೀವೊಬ್ಬರೇ” ಎಂದು ನೀನು ಬರೆದ ಪತ್ರವನ್ನು ನಾನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ. ಅಂಥ ಮಾತು ನನಗೆ ಆ ಮೊದಲು ಯಾರೂ ಬರೆದಿರಲಿಲ್ಲ. ಮಗನ ಬಾಳು ಮುಳುಗುತ್ತಿದ್ದರೂ ಆ ಒಂದು ಸಾಲನ್ನು ಕಳೆದುಕೊಳ್ಳಲು ನನ್ನಿಂದಾಗಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ವಾಚಿನದು ಯಾರಿಗೂ ತಿಳಿಯದೆ ಆದ ತಪ್ಪು, ನೀನು ಒಂದು ದಿನ ಮನ್ನಿಸಿಯೂ ಬಿಡುತ್ತಿದ್ದೆ. ಇನ್ನೊಂದಿದೆ. ಅದು ನನ್ನ ಮಗನಿಗೂ ಗೊತ್ತಿಲ್ಲ.

ಬಂಡೆಮೂಲೆಗೆ ಬಂದಾಗ ನಾನು ಮುಂದಿನ ಸೀಟಿನಲ್ಲಿದ್ದೆ. ಎದುರಿಗೆ ನೀರಿತ್ತು. ಅವನು ಗಾಡಿ ನಿಲ್ಲಿಸಿದ. ಎರಡು ಅಲೆ ಬಂದು ಹೋಗುವವರೆಗೆ ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತಾ ನೋಡಿದ. ನಾನು ವಾಚು ನೋಡಿದೆ. ನಾಲ್ಕೂ ನಲವತ್ತೈದು. ಬಾಯಿ ತೆರೆದೆ. ಆಮೇಲೆ ಮುಚ್ಚಿದೆ. ಎರಡು ಸಲ ಹೇಳಿದ್ದೇನೆ, ನಕ್ಕು ತಳ್ಳಿಹಾಕಿದ; ಇನ್ನು ಹೇಳುವುದಿಲ್ಲ, ಚಕ್ರ ಹೂತು ರಾತ್ರಿಯೆಲ್ಲ ಹಗ್ಗ ಎಳೆಯಲಿ, ಆಗ ತಿಳಿಯುತ್ತದೆ ಎಂದುಕೊಂಡೆ. ಹೀಗೆಯೇ ಅಂದುಕೊಂಡದ್ದು, ಇದೇ ಮಾತುಗಳಲ್ಲಿ. ಹಿಂದಿನ ಸೀಟಿನಲ್ಲಿ ಚೂಟಿ ಹಾಡು ಹೇಳುತ್ತಿದ್ದಳು, ನೀನು ಅವಳ ಕಾಲಿನ ಮರಳು ಒರೆಸುತ್ತಿದ್ದೆ. ಅವನು ಗೇರು ಹಾಕಿದ.

ಒಂದು ಪದ ಸಾಕಿತ್ತು. “ನಲವತ್ತೈದಾಯ್ತು ಕಣೋ” ಎಂದಿದ್ದರೆ ಅವನು ಮತ್ತೆ ಅರ್ಧ ಗಂಟೆ ಕಳೆಯುತ್ತಿದ್ದನೋ ಏನೋ, ನನಗೆ ತಿಳಿಯದು. “ಬೇಡ” ಎಂದಿದ್ದರೆ ಅದರಿಂದ ಕಳೆಯಲು ಏನೂ ಇರಲಿಲ್ಲ. ಮಗನಿಗೆ ಪಾಠ ಕಲಿಸುವ ಆಸೆಯಿಂದ ನಾನು ಸುಮ್ಮನಿದ್ದೆ, ಆ ಪಾಠದ ಬೆಲೆಯನ್ನು ಏಳು ವರ್ಷದ ಮಗು ಪಕ್ಕೆಗೆ ನಳಿಕೆ ಹಾಕಿಸಿಕೊಂಡು ತೆರುತ್ತಿದೆ. ಅವನು ನೀರಿಗೆ ಇಳಿಸಿದ್ದು ಸಮಯ ತಿಳಿಯದೆ. ಸಮಯ ತಿಳಿದೂ ಇಳಿಯಗೊಟ್ಟವನು ನಾನು. ನೀನು ಮೂರು ವಾರದಿಂದ ಅವನ ಮೇಲೆ ಹೊರಿಸಿರುವ ತಪ್ಪು ಯಾರದೆಂದು ಈಗ ನಿನಗೆ ತಿಳಿಯಿತು. ಅದನ್ನು ಅವನ ಹೆಗಲಿಂದ ಇಳಿಸು.

ನಿನ್ನ ಪತ್ರ ಬಂದದ್ದು ನಿನ್ನೆ ಬೆಳಿಗ್ಗೆ. ಸಂಜೆ ಗ್ಯಾರೇಜಿಗೆ ಹೋಗಿ, “ನಾಳೆ ಬೆಳಗಿನ ಬಸ್ಸಿಗೆ ಹೊರಡು, ಈ ಲಕೋಟೆಯನ್ನು ನಿನ್ನ ಹೆಂಡತಿಯ ಕೈಗೇ ಕೊಡಬೇಕು” ಎಂದೆ. “ನೀವೇ ಹೋಗಿ, ನನ್ನನ್ನ ಗೇಟಲ್ಲೇ ನಿಲ್ಲಿಸ್ತಾರೆ” ಎಂದ. “ನಿಂತ್ಕೋ. ಗೇಟಲ್ಲಿ ನಿಂತು ಅವಳನ್ನ ಕರೆಸು” ಎಂದೆ. ಒಳಗೆ ಏನಿದೆಯೆಂದು ಅವನಿಗೆ ಗೊತ್ತಿಲ್ಲ. ಬರಲಾಗುವುದಿಲ್ಲವೆಂದು ನಾನು ಬರೆದಿರಬೇಕೆಂದು ಎಣಿಸಿದ್ದಾನೆ. ನಾನು ಏಕೆ ಹೊರಡುತ್ತಿಲ್ಲವೆಂದು ನಿನಗೆ ಅರ್ಥವಾದೀತು. ನಾನು ಬಂದರೆ ಚೀಟಿ ನನಗೆ ಹೋಗುತ್ತದೆ. ಇರುವುದು ಒಂದೇ ಕುರ್ಚಿ.

ಈಗ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಇದನ್ನು ಮುಗಿಸುತ್ತಿದ್ದೇನೆ. ಅವನು ಟಿಕೆಟಿನ ಸಾಲಿನಲ್ಲಿದ್ದಾನೆ. ಆರು ವಾರದಲ್ಲಿ ಅಂಗಿ ಅವನಿಗೆ ದೊಡ್ಡದಾಗಿದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಲ್ಲಿಯ ಬಳಿ ಕುಳಿತು ಕೈ ಉಜ್ಜುತ್ತಿದ್ದ. ಎಷ್ಟು ಹೊತ್ತಾದರೂ ಏಳಲಿಲ್ಲ. ಸಾಕೋ ಎಂದೆ. “ಗ್ರೀಸ್ ವಾಸನೆ ಬಂದ್ರೆ ಚೂಟಿ ಮುಟ್ಟಿಸ್ಕೊಳಲ್ಲ ಅಪ್ಪ” ಎಂದ. ಒಳಗೆ ಬಿಡುತ್ತೀಯೆಂಬ ಭರವಸೆ ಇಲ್ಲದವನು ಬೆರಳಿನ ಸಂದುಗಳನ್ನು ಬ್ರಷ್ಷಿನಲ್ಲಿ ತಿಕ್ಕುತ್ತಿದ್ದ.

ಗೇಟಿನಲ್ಲಿ ಅವನನ್ನು ನಿಲ್ಲಿಸಿಯೇ ಇದನ್ನು ಓದು. ಪೂರ್ತಿ ಓದು. ನನ್ನನ್ನು ಮನ್ನಿಸುವ ವಿಚಾರವನ್ನು ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ. ಅದಕ್ಕೆ ಬೇಕಾದಷ್ಟು ವರ್ಷಗಳಿವೆ, ಅಥವಾ ಇಲ್ಲ. ಆಪರೇಷನ್ನಿಗೆ ಇನ್ನು ಒಂದು ರಾತ್ರಿ ಇದೆ. ಚೀಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿ ಅವನದನ್ನು ಬರೆಸು. ಮಗು ಕಣ್ಣು ತೆರೆದು ಕೇಳುವ ಹೊತ್ತಿಗೆ ಅಪ್ಪ ಅಲ್ಲಿರಲಿ. ಸಹಿ ಹಾಕುವಾಗ ಇಬ್ಬರೂ ಹಾಕಿರಿ.

ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಇವನು ಟಿಕೆಟ್ ಹಿಡಿದು ಬರುತ್ತಿದ್ದಾನೆ. ಲಕೋಟೆ ಅಂಟಿಸಬೇಕು.

ನಿನ್ನ ಮಾವ
ಗುರುವಾರ, ಮಾರ್ಚ್ ೨೬, ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷ